ತಿರುಪಿನ ಎಳೆ: ಕೊರೆಯುವುದೋ, ಒತ್ತುವುದೋ?

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. ಉಗಿಬಂಡಿಯ ಬೋಲ್ಟು ಸವೆದರೆ ಹೊಸದು ಹಳೆಯ ನಟ್ಟಿಗೆ ಸರಿಯಾಗಿ ಕೂಡಬೇಕು, ಸಡಿಲವಾದರೆ ಅಪಾಯ. ಹಿಂದೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಎಳೆ ಒಂದೊಂದು ಬಗೆಯಾಗಿತ್ತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಏಕರೂಪದ ಎಳೆಯನ್ನು ಸೂಚಿಸಿದರು. ಇಂದಿನ ಮೆಟ್ರಿಕ್ ಎಳೆಯ ಕೋನ 60 ಡಿಗ್ರಿ.

ಅಳತೆ ಗೊತ್ತಾದ ಮೇಲೆ ವಿಧಾನದ ಆಯ್ಕೆ. ಸಣ್ಣ ರಂಧ್ರಕ್ಕೆ ಟ್ಯಾಪ್, ಸಣ್ಣ ಸರಳಿಗೆ ಡೈ ಸಾಕು. ದೊಡ್ಡದಾದ, ಒಂದೆರಡೇ ಬೇಕಾದ ಭಾಗಕ್ಕೆ ಲೇತ್ ಬೇಕು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು ನಮ್ಮಲ್ಲಿಯೇ ತಯಾರಿಸಿತು. ಸಾವಿರಾರು ಬೋಲ್ಟು ಬೇಕಾದಾಗ ಅಚ್ಚುಗಳ ನಡುವೆ ಉರುಳಿಸಿ ಒತ್ತುವುದೇ ಲೇಸು: ಲೋಹ ಪೋಲಾಗದು, ಎಳೆಯೂ ಗಟ್ಟಿ.

ಎಷ್ಟು ಬೇಕು, ಎಷ್ಟು ದೊಡ್ಡದು, ಎಷ್ಟು ಭಾರ ತಡೆಯಬೇಕು? ವಿದ್ಯಾರ್ಥಿಗಳೇ, ಯಂತ್ರ ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳಿವು.