ಮುತ್ತು ಕಟ್ಟಿದ ವಯಸ್ಸು: ದೇವದಾಸಿ ನಿಷೇಧದ ಇತಿಹಾಸದಲ್ಲಿ ಮಗುವಿನ ಸ್ಥಾನ

ಸವದತ್ತಿ ಎಲ್ಲಮ್ಮನ ಪರಂಪರೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಜಾನಪದ ಅಧ್ಯಯನಗಳ ಪ್ರಮಾಣ ಸಣ್ಣದಲ್ಲ. ಚೌಡಿಕೆ ಪದಗಳು, ರೇಣುಕೆ–ಜಮದಗ್ನಿ–ಪರಶುರಾಮರ ಕಥನ, ಜೋಗತಿಯರ ಕೊಡದ ಕುಣಿತ, ಪಡ್ಡಲಗಿ ತುಂಬಿಸುವ ಆಚರಣೆ ಇವೆಲ್ಲವೂ ಸಂಗ್ರಹಗೊಂಡಿವೆ, ವಿಶ್ಲೇಷಣೆಗೂ ಒಳಗಾಗಿವೆ. ಆದರೆ ಈ ಸಾಹಿತ್ಯವನ್ನು ಒಟ್ಟಿಗೆ ಇಟ್ಟುಕೊಂಡು ಓದುವವರಿಗೆ ಒಂದು ಮಾಹಿತಿ ಮಾತ್ರ ಸುಲಭವಾಗಿ ದೊರೆಯುವುದಿಲ್ಲ. ಹಾಡಿದಾಕೆಗೆ ಮುತ್ತು ಕಟ್ಟಿದಾಗ ಎಷ್ಟು ವರ್ಷ? ವಕ್ತೃವಿನ ಹೆಸರು, ಊರು, ಜಾತಿ, ಹಾಡಿದ ದಿನದಂದು ಆಕೆಯ ವಯಸ್ಸು ಇವು ನಮ್ಮ ಮಾಹಿತಿ ನಮೂನೆಯಲ್ಲಿರುತ್ತವೆ. ಸಮರ್ಪಣೆಯ ವಯಸ್ಸಿಗೆ ಅಂಕಣವೇ ಇರುವುದಿಲ್ಲ. ಪ್ರಸ್ತುತ ಲೇಖನವು ಈ ಖಾಲಿ ಜಾಗದಿಂದ ಹೊರಟು, ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ನಡೆದ ಶಾಸನ, ಸಮೀಕ್ಷೆ ಹಾಗೂ ಹೋರಾಟಗಳಲ್ಲಿ ಮಗು ಯಾವಾಗ, ಹೇಗೆ ಕಾಣಿಸಿಕೊಂಡಿತು ಎಂಬುದನ್ನು ಪರಿಶೀಲಿಸುತ್ತದೆ.

ದೇವದಾಸಿ ಎಂಬ ಒಂದೇ ಪದದಡಿ ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆಯೆಂಬುದನ್ನು ಮೊದಲೇ ಗಮನಿಸಬೇಕು. ಹಳೆಯ ಮೈಸೂರಿನ ದೊಡ್ಡ ದೇವಾಲಯಗಳಲ್ಲಿ ಹಾಡು–ಕುಣಿತದ ಸೇವೆ ಸಲ್ಲಿಸಿ ಸಂಬಳವನ್ನೋ ಮಾನ್ಯವನ್ನೋ ಪಡೆಯುತ್ತಿದ್ದವರು ಒಂದು ವರ್ಗ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ ಸೀಮೆಗಳಲ್ಲಿ ಎಲ್ಲಮ್ಮನಿಗೋ ಹುಲಿಗೆಮ್ಮನಿಗೋ ಬಿಡಲ್ಪಟ್ಟ, ಬಹುಪಾಲು ಹೊಲೆಯ–ಮಾದಿಗ ಸಮುದಾಯಗಳ ಹೆಣ್ಣುಮಕ್ಕಳು ಇನ್ನೊಂದು ವರ್ಗ. ಬಳ್ಳಾರಿ ಕಡೆಯ ಬಸವಿಯರದು ಮತ್ತೊಂದು ರೀತಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಳ್ಳುವ ಏರ್ಪಾಡು ಅದು. ಮೊದಲನೆಯ ವರ್ಗಕ್ಕೆ ದಾಖಲೆಯಿತ್ತು, ಏಕೆಂದರೆ ಅವರು ಮುಜರಾಯಿ ಲೆಕ್ಕದಲ್ಲಿದ್ದರು. ಉಳಿದವರು ಯಾವ ಲೆಕ್ಕದಲ್ಲಿಯೂ ಇರಲಿಲ್ಲ.

ಶಾಸನದ ಕಣ್ಣು ಮೊದಲು ಬಿದ್ದದ್ದು ಸಹಜವಾಗಿಯೇ ಲೆಕ್ಕದಲ್ಲಿದ್ದವರ ಮೇಲೆ. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಂಜನಗೂಡಿನ ದೇವಾಲಯದ ದಾಸಿಯರು ತಮ್ಮ ಪಾರಂಪರಿಕ ಹಕ್ಕನ್ನು ಉಳಿಸಿಕೊಡಬೇಕೆಂದು ಸಲ್ಲಿಸಿದ ಮನವಿ ತಿರಸ್ಕೃತವಾಯಿತು. ಇಲ್ಲಿನ ಚರ್ಚೆ ದೇವಾಲಯದ ಪಾವಿತ್ರ್ಯವನ್ನು ಕುರಿತದ್ದು, ಮಗುವಿನ ಹಿತವನ್ನು ಕುರಿತದ್ದಲ್ಲ. ಅಪ್ರಾಪ್ತ ಬಾಲಕಿಯರನ್ನು ವೇಶ್ಯಾವೃತ್ತಿಗೆ ಮಾರುವುದನ್ನೂ ಕೊಳ್ಳುವುದನ್ನೂ 1860ರ ಭಾರತೀಯ ದಂಡಸಂಹಿತೆಯ 372 ಮತ್ತು 373ನೆಯ ಕಲಮುಗಳು ಅದಾಗಲೇ ಅಪರಾಧವೆಂದು ಸಾರಿದ್ದವು. ಆದರೆ ಮುತ್ತು ಕಟ್ಟುವುದು ಮಾರಾಟವಲ್ಲ, ಹರಕೆ ಎಂದು ಊರು ಭಾವಿಸಿರುವಾಗ ಈ ಕಲಮುಗಳು ಹಳ್ಳಿಯ ಗುಡಿಸಲನ್ನು ತಲುಪುವುದು ಸಾಧ್ಯವಿರಲಿಲ್ಲ.

ಮದರಾಸಿನಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ 1929ರಲ್ಲಿ ದೇವದಾಸಿಯರ ಇನಾಮು ಭೂಮಿಯನ್ನು ಸೇವೆಯ ಬಂಧನದಿಂದ ಬಿಡಿಸುವ ತಿದ್ದುಪಡಿ ಬಂದಿತು. 1934ರಲ್ಲಿ ಮುಂಬಯಿ ಪ್ರಾಂತದ, 1947ರಲ್ಲಿ ಮದರಾಸು ಪ್ರಾಂತದ ಕಾಯಿದೆಗಳು ಸಮರ್ಪಣೆಯನ್ನೇ ನಿಷೇಧಿಸಿದವು. ಹೀಗಾಗಿ 1956ರಲ್ಲಿ ರಾಜ್ಯ ಏಕೀಕರಣಗೊಂಡಾಗ ಬೆಳಗಾವಿ, ಧಾರವಾಡ, ವಿಜಯಪುರಗಳಿಗೆ ಒಂದು ಕಾನೂನು, ಬಳ್ಳಾರಿ, ದಕ್ಷಿಣ ಕನ್ನಡಗಳಿಗೆ ಮತ್ತೊಂದು ಕಾನೂನು ಎಂಬ ಸ್ಥಿತಿ ಇದ್ದಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಕಾಯಿದೆಗೆ ಮತ್ತೆ ಕಾಲು ಶತಮಾನ ಕಾಯಬೇಕಾಯಿತು. ನಡುವೆ, 1970ರ ದಶಕದ ಉತ್ತರಾರ್ಧದಲ್ಲಿ ನಿಪ್ಪಾಣಿ, ಗಡಹಿಂಗ್ಲಜಗಳ ಗಡಿ ಪ್ರದೇಶದಲ್ಲಿ ಮಹಾರಾಷ್ಟ್ರದ ಫುಲೆವಾದಿ ಕಾರ್ಯಕರ್ತರ ಹಾಗೂ ಕನ್ನಡ ನಾಡಿನ ದಲಿತ ಚಳವಳಿಯ ಪ್ರೇರಣೆಗಳು ಕೂಡಿಕೊಂಡವು. ಎಲ್ಲಮ್ಮನ ಗುಡ್ಡಕ್ಕೆ ಎರಡೂ ಭಾಷೆಗಳ ಭಕ್ತರು ಬರುತ್ತಾರೆ. ಪ್ರತಿರೋಧವೂ ಎರಡೂ ಭಾಷೆಗಳಲ್ಲಿ ಬಂದಿತು.

1982ರ ಕರ್ನಾಟಕ ದೇವದಾಸಿ (ಸಮರ್ಪಣೆ ನಿಷೇಧ) ಅಧಿನಿಯಮವು ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸವನ್ನು ವಿಧಿಸಿತು. ಮಾಡಿದವರು ತಂದೆ, ತಾಯಿ, ಪೋಷಕ ಅಥವಾ ಬಂಧುವಾಗಿದ್ದಲ್ಲಿ ಶಿಕ್ಷೆ ಇನ್ನೂ ಕಠಿಣ: ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಸಮರ್ಪಣೆಯ ಪೂರ್ವದಲ್ಲಿ ಮಗುವನ್ನು ಕಾಯಬೇಕಾದವರೇ ಮಗುವನ್ನು ಒಪ್ಪಿಸುವವರೆಂಬ ಅರಿವು ಇಲ್ಲಿ ಶಾಸನದ ಭಾಷೆಗೆ ಬಂದಿದೆ. ಈ ದೃಷ್ಟಿಯಿಂದ ಇದು ಹಿಂದಿನವುಗಳಿಗಿಂತ ಮುಂದುವರಿದ ಕಾನೂನು. ಆದರೆ ಇದೇ ಉಪಬಂಧವು ಮೌನವನ್ನೂ ಹುಟ್ಟಿಸಿತು. ದೂರು ಕೊಡಬೇಕಾದವಳು ಮಗಳು. ಜೈಲಿಗೆ ಹೋಗುವವಳು ಅವ್ವ. ಆ ಅವ್ವನೂ ಅನೇಕ ವೇಳೆ ಮುತ್ತು ಕಟ್ಟಿಸಿಕೊಂಡವಳೇ. ಹುಡುಗಿಯನ್ನು ಮೊದಲು ಇಟ್ಟುಕೊಂಡ ಗೌಡನೋ ಸಾಹುಕಾರನೋ ಸಮರ್ಪಣೆಯ ಮನೆಯಲ್ಲಿ ಹಾಜರಿರುವುದು ಕಡಿಮೆ. ಆತನ ಹಣ ಮಾತ್ರ ಹಾಜರಿರುತ್ತಿತ್ತು. ನಿಷೇಧದ ಬಳಿಕ ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದ ವಿಧಿ ಮನೆಗಳಿಗೆ, ಊರ ಹೊರಗಿನ ಸಣ್ಣ ಗುಡಿಗಳಿಗೆ, ರಾತ್ರಿಯ ಹೊತ್ತಿಗೆ ಸರಿಯಿತೆಂಬುದನ್ನು ಕ್ಷೇತ್ರದಲ್ಲಿ ದುಡಿದವರೆಲ್ಲ ಹೇಳುತ್ತಾರೆ.

ಸಮೀಕ್ಷೆಗಳ ವಿಷಯವನ್ನು ತುಸು ವಿವರವಾಗಿ ನೋಡಬೇಕು. 1993–94ರ ಸರ್ಕಾರಿ ಸಮೀಕ್ಷೆಯು 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಸಮೀಕ್ಷೆಯಲ್ಲಿ 23,787 ಮಂದಿ ದಾಖಲಾದರು. ಎರಡನ್ನೂ ಕೂಡಿಸಿ 46,660 ಎಂಬ ಸಂಖ್ಯೆಯನ್ನು ಮುಂದಿನ ಹಲವು ವರದಿಗಳು ಬಳಸಿವೆ. ಹದಿನಾಲ್ಕು ವರ್ಷಗಳಲ್ಲಿ ಸಂಖ್ಯೆ ತುಸು ಏರಿತೆಂದು ಈ ಅಂಕಿಗಳನ್ನು ಓದುವುದು ತಪ್ಪಾಗುತ್ತದೆ. ಎರಡನೆಯದು ಮೊದಲ ಪಟ್ಟಿಯಲ್ಲಿ ಬಿಟ್ಟುಹೋದವರ ಪಟ್ಟಿ. ಅಂದರೆ ಮೊದಲನೆಯ ಎಣಿಕೆಯು ಕಂಡಷ್ಟೇ ಜನರನ್ನು ಕಾಣದೆಯೂ ಹೋಗಿತ್ತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾಸಾಶನ, ಮನೆ, ಸಾಲದ ಸೌಲಭ್ಯ; ಇಲ್ಲದವರಿಗೆ ಏನೂ ಇಲ್ಲ. ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘವು ವರ್ಷಗಳ ಕಾಲ ಬಿಟ್ಟುಹೋದವರ ಮರುಸಮೀಕ್ಷೆಗಾಗಿ ಒತ್ತಾಯಿಸಿದ್ದರ ಹಿನ್ನೆಲೆ ಇದು. ಇಲ್ಲೊಂದು ಇಕ್ಕಟ್ಟಿದೆ. 1982ರ ನಂತರ ಮುತ್ತು ಕಟ್ಟಿಸಿಕೊಂಡ ಹುಡುಗಿಯ ಹೆಸರನ್ನು ಪಟ್ಟಿಗೆ ಸೇರಿಸುವುದೆಂದರೆ ಒಂದು ಅಪರಾಧ ನಡೆದಿದೆಯೆಂದು ಮನೆಯೂ ಇಲಾಖೆಯೂ ಒಪ್ಪಿಕೊಂಡಂತೆ. ಪುನರ್ವಸತಿಯ ಪಟ್ಟಿ ವಯಸ್ಸಾದವರ ಪಟ್ಟಿಯಾಗಿ ತೋರುವುದಕ್ಕೆ ಇದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಮಗುವಿನ ಪ್ರಶ್ನೆಯನ್ನು ಮುಂದಕ್ಕೆ ತಂದವರು ಕಾನೂನು ಪಂಡಿತರಿಗಿಂತ ಹೆಚ್ಚಾಗಿ ಮುತ್ತು ಹರಿದುಕೊಂಡ ಹೆಂಗಸರೇ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು 1990ರ ದಶಕದ ಆರಂಭದಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಕೈಗೊಂಡ ಪುನರ್ವಸತಿ ಯೋಜನೆಯ ಮುಂದುವರಿಕೆಯಾಗಿ, 1997ರಲ್ಲಿ ಮಾಜಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಸ್ವತಃ ಏಳನೆಯ ವಯಸ್ಸಿನಲ್ಲಿ ಸಮರ್ಪಿತರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇಂಥ ಸಂಘಟನೆಗಳ ಕೆಲಸದ ಕ್ರಮ ಜಾನಪದ ವಿದ್ವಾಂಸರಿಗೆ ಕುತೂಹಲಕರವಾದದ್ದು. ಎಲ್ಲಮ್ಮನ ಕರೆ ಎಂದು ನಂಬಲಾಗುವ ತಲೆಯ ಜಡೆಯನ್ನು ಹೆಂಗಸರೇ ಕೂತು, ಮಾತಾಡುತ್ತ, ಎಣ್ಣೆ ಹಚ್ಚಿ ಬಿಡಿಸುವುದು, ಕತ್ತರಿಸುವುದು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳ ಹೊತ್ತಿಗೆ ಊರೂರಿನಲ್ಲಿ ಕಣ್ಣಿಡುವುದು. ಜೋಗತಿಯ ಧಾಟಿಯಲ್ಲೇ ನಿಷೇಧದ ಹಾಡು ಕಟ್ಟುವುದು. ನಂಬಿಕೆಯನ್ನು ಹೊರಗಿನಿಂದ ಜರಿಯದೆ ಒಳಗಿನಿಂದ ಸಡಿಲಿಸುವ ಈ ಕ್ರಮಕ್ಕೆ ಸರ್ಕಾರದ ಭಿತ್ತಿಪತ್ರಕ್ಕಿಲ್ಲದ ಬಲವಿತ್ತು.

ಇನ್ನೊಂದು ಮಗು ಇದೆ: ಸಮರ್ಪಿತಳ ಮಗು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಅಂಕಣಕ್ಕೆ ಬಂದೊಡನೆ ಈ ಮಗುವಿನ ಕಥೆ ಬಯಲಾಗುತ್ತಿತ್ತು. ಕೆಲವರು ಅಜ್ಜನ ಹೆಸರು ಬರೆಸಿದರು, ಕೆಲವರು ಸೋದರಮಾವನದು, ಕೆಲವರು ದೇವರದು. 1982ರ ಅಧಿನಿಯಮವು ದೇವದಾಸಿಯ ವಿವಾಹವನ್ನು ಸಿಂಧುವೆಂದೂ ಆ ವಿವಾಹದಿಂದ ಹುಟ್ಟಿದವರನ್ನು ಔರಸರೆಂದೂ ಒಪ್ಪಿತ್ತು. ಆದರೆ ವಿವಾಹವೇ ಆಗದವಳ ಮಕ್ಕಳ ವಿಷಯದಲ್ಲಿ ಅದು ಏನನ್ನೂ ಹೇಳಲಿಲ್ಲ. ಬಹುಸಂಖ್ಯೆಯ ಮಕ್ಕಳು ಇದ್ದದ್ದು ಅಲ್ಲಿಯೇ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ವಿಧೇಯಕವು ಈ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ, ಆತನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ನೀಡಲು ಮುಂದಾಯಿತು. ಮೊದಲ ಕಾಯಿದೆಗೂ ಇದಕ್ಕೂ ನಲವತ್ತಮೂರು ವರ್ಷಗಳ ಅಂತರ. ಆಗ ಹುಟ್ಟಿದ ಮಕ್ಕಳು ಈಗ ಮೊಮ್ಮಕ್ಕಳನ್ನು ಕಾಣುವ ವಯಸ್ಸಿನವರು.

ಜಾನಪದ ಕ್ಷೇತ್ರಕ್ಕೆ ಮರಳುತ್ತೇನೆ. ಪಿಎಚ್.ಡಿ. ಕ್ಷೇತ್ರಕಾರ್ಯದ ದಿನಗಳ ನನ್ನ ಟಿಪ್ಪಣಿ ಪುಸ್ತಕವೊಂದರಲ್ಲಿ, ಒಬ್ಬ ಹಿರಿಯ ಜೋಗತಿಯ ಹಾಡುಗಳ ಕೊನೆಗೆ ‘ಜೊತೆಯಲ್ಲಿ ಶ್ರುತಿ ಹಿಡಿದವಳು ಒಬ್ಬ ಹುಡುಗಿ’ ಎಂದಷ್ಟೇ ಬರೆದಿದ್ದೇನೆ. ಹಾಡಿನ ಪಾಠಾಂತರಗಳಿಗೆ ನಾಲ್ಕು ಪುಟ ಮೀಸಲಾಗಿವೆ. ಆ ಹುಡುಗಿಯ ಕೊರಳಲ್ಲಿ ಕೆಂಪು–ಬಿಳಿ ಮಣಿಗಳಿದ್ದವೇ ಎಂಬುದನ್ನು ನಾನು ನೋಡಿದ್ದರೂ ಬರೆದಿಲ್ಲ, ಕೇಳಿಯಂತೂ ಇಲ್ಲ. ಪಠ್ಯವನ್ನು ಉಳಿಸುವುದೇ ಸಂಗ್ರಾಹಕನ ಹೊಣೆಯೆಂದು ನಮಗೆ ಕಲಿಸಲಾಗಿತ್ತು, ನಾವೂ ಹಾಗೆಯೇ ಕಲಿಸಿದೆವು. ಸಮೀಕ್ಷೆಯ ಪಟ್ಟಿಯಲ್ಲಿ ಆಕೆಯಂಥವರು ಏಕೆ ಕಾಣುವುದಿಲ್ಲವೆಂದು ಇಲಾಖೆಯನ್ನು ಪ್ರಶ್ನಿಸುವಾಗ ಈ ಪುಟ ನೆನಪಾಗುತ್ತದೆ.

ವಿಶ್ವವಿದ್ಯಾಲಯಗಳಲ್ಲಿ, ವೈಯಕ್ತಿಕ ಸಂಗ್ರಹಗಳಲ್ಲಿ ಎಲ್ಲಮ್ಮನ ಪರಂಪರೆಯ ಧ್ವನಿಮುದ್ರಿಕೆಗಳು ಉಳಿದಿವೆ. ಹಾಡುಗಳ ನಡುವೆ, ಯಂತ್ರ ನಿಲ್ಲಿಸಲು ಮರೆತ ಕ್ಷಣಗಳಲ್ಲಿ, ವಕ್ತೃಗಳು ತಮ್ಮ ಬಾಳಿನ ಬಗ್ಗೆ ಆಡಿದ ಮಾತುಗಳೂ ಅವುಗಳಲ್ಲಿವೆ. ಲಿಪ್ಯಂತರ ಮಾಡುವಾಗ ‘ಅಪ್ರಸ್ತುತ’ ಎಂದು ನಾವು ಬಿಟ್ಟ ಭಾಗಗಳು ಅವು. ಅವುಗಳನ್ನು ಮರಳಿ ಕೇಳಿ, ‘ಹಲ್ಲು ಬೀಳುವಾಗ’, ‘ಮೈನೆರೆಯೋಕೆ ಮೊದಲು’, ‘ತಮ್ಮ ಹುಟ್ಟಿದ ವರ್ಷ’ ಎಂಬಂಥ ಸೂಚನೆಗಳಿಂದ ಸಮರ್ಪಣೆಯ ವಯಸ್ಸನ್ನೂ ಸರಿಸುಮಾರು ವರ್ಷವನ್ನೂ ಗುರುತಿಸುವುದು ಸಾಧ್ಯ. ವಕ್ತೃಗಳ ಗುರುತನ್ನು ಮರೆಸಿಯೇ ಈ ಕೆಲಸ ನಡೆಯಬೇಕು. ಹಳೆಯ ಕ್ಯಾಸೆಟ್ಟುಗಳ ಟೇಪು ಶಿಥಿಲವಾಗುತ್ತಿರುವುದರಿಂದ ಕೆಲಸವನ್ನು ಬೇಗ ಆರಂಭಿಸುವುದು ಒಳ್ಳೆಯದು.