ಹುಣಸೆ ಮರ ನಿಮ್ಮದು, ಹಕ್ಕಿ ಯಾರದು?



ವಿಶಾಖಪಟ್ಟಣದಲ್ಲಿರುವ ನಿಮ್ಮಲ್ಲಿ ಕೆಲವರು ಶ್ರೀಕಾಕುಳಂ ಜಿಲ್ಲೆಯ ತೇಲಿನೀಲಾಪುರಂ ನೋಡಿರಬಹುದು. ವಿಜಯವಾಡದವರಿಗೆ ಗುಂಟೂರು ಬಳಿಯ ಉಪ್ಪಲಪಾಡು ಗೊತ್ತು. ಎರಡೂ ಕಡೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ಮಗ್ಗುಲಲ್ಲೇ ಗೂಡು ಕಟ್ಟುತ್ತವೆ. ನಮ್ಮ ಮಂಡ್ಯ ಜಿಲ್ಲೆಯಲ್ಲೂ ಅಂಥದ್ದೊಂದು ಊರಿದೆ. ಅದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಹಿಂದೆ ಈ ಊರು ಶಿಂಷಾ ನದಿಯ ದಡದಲ್ಲಿತ್ತಂತೆ. ಪ್ಲೇಗು ಬಂದು ಜನ ಊರು ಬಿಟ್ಟಾಗ ಹಕ್ಕಿಗಳೂ ಅವರ ಬೆನ್ನಿಗೇ ಬಂದವು ಎನ್ನುತ್ತಾರೆ ಊರವರು. ಕೇಳಲು ಚೆಂದದ ಕಥೆ. ಆದರೆ ಮರದ ಯಜಮಾನನನ್ನು ಕೇಳಿ ನೋಡಿ! ಗೂಡು ಕಟ್ಟುವ ಕಾಲವೂ ಹುಣಸೆ ಕೀಳುವ ಕಾಲವೂ ಒಂದೇ. ಮರ ಹತ್ತಿದರೆ ಮರಿಗಳು ಬೀಳುತ್ತವೆ, ಹತ್ತದಿದ್ದರೆ ಫಸಲು ಹಿಕ್ಕೆಯ ಪಾಲು. ಕಡಿದು ಮಾರಿದರೆ ಕೈಗೆ ಕಾಸಾದರೂ ಬರುತ್ತದೆ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಹಕ್ಕಿಗಳ ಬಗ್ಗೆ ಹೊರಜಗತ್ತಿಗೆ ತಿಳಿಸಿದರು. ಆಮೇಲೆ ಅರಣ್ಯ ಇಲಾಖೆ ಗೂಡಿರುವ ಮರಗಳ ಒಡೆಯರಿಗೆ ಪರಿಹಾರ ಕೊಡತೊಡಗಿತು. ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೂ ಆಯಿತು. ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಊರು ‘ಸಮುದಾಯ ಮೀಸಲು’ ಆಯಿತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ಇದಕ್ಕೆ ದಾರಿ ಮಾಡಿತ್ತು. ಜನ ತಾವಾಗಿ ಮುಂದೆ ಬಂದರೆ ಮಾತ್ರ ಈ ಘೋಷಣೆ. ಜಮೀನು ಅವರದಾಗಿಯೇ ಉಳಿಯುತ್ತದೆ. ಆದರೆ ಅದರ ಬಳಕೆ ಬದಲಿಸಲು ಸಮಿತಿಯೂ ಸರ್ಕಾರವೂ ಒಪ್ಪಬೇಕು.

ಅಮೆರಿಕ 1982ರಲ್ಲೇ ಇಂಥ ಒಪ್ಪಂದವನ್ನು ಕಾನೂನಿಗೆ ಸೇರಿಸಿತು. ಜಮೀನಿನ ಒಡೆಯ ಪ್ರಾಣಿಗಳ ನೆಲೆ ಉಳಿಸುವ ಯೋಜನೆ ಕೊಟ್ಟರೆ, ಉಳಿದ ಜಾಗದಲ್ಲಿ ತನ್ನ ಕೆಲಸ ಮಾಡಿಕೊಳ್ಳಲು ಅನುಮತಿ ಪಡೆಯಬಹುದು. ನಾಳೆ ಏನು ಕಾದಿದೆಯೋ ಎಂಬ ಭಯ ಅವನಿಗೆ ಕಡಿಮೆ.

ಆ ಭಯ ಎಂಥದೆಂದು ಕೊಲ್ಲೇರು ಸರೋವರದ ಸುತ್ತಲಿನವರಿಗೆ ಗೊತ್ತು. 1999ರಲ್ಲಿ ಅದು ಅಭಯಾರಣ್ಯವಾದಾಗ ಖಾಸಗಿ ಪಟ್ಟಾ ಭೂಮಿಯೂ ಗಡಿಯೊಳಗೆ ಸೇರಿತು. 2006ರಲ್ಲಿ ಮೀನುಕೊಳಗಳ ಕಟ್ಟೆ ಒಡೆದರು. ಸರೋವರ ಉಳಿಯಬೇಕಿತ್ತು, ನಿಜ. ಆದರೆ ಪಟ್ಟಾದಾರರ ಜೊತೆ ಮಾತು ಮೊದಲೇ ಆಗಿದ್ದರೆ?

ಬೆಳ್ಳೂರಿನಲ್ಲೂ ಎಲ್ಲ ಸರಿಯಿಲ್ಲ. ಪರಿಹಾರ ಸಾಲದು ಎಂಬ ದೂರು ಹಳೆಯದು. ಆದರೂ ಅಲ್ಲಿ ಹಕ್ಕಿ ಉಳಿದದ್ದು ಬೇಲಿಯಿಂದಲ್ಲ, ಮರದ ಯಜಮಾನ ಕೊಡಲಿ ಕೆಳಗಿಟ್ಟದ್ದರಿಂದ. ಮುಂದಿನ ಸಲ ಊರಿಗೆ ಹೋದಾಗ ಮದ್ದೂರಿನಲ್ಲಿ ವಡೆ ತಿಂದು, ಹಾಗೇ ಬೆಳ್ಳೂರಿಗೂ ಹೋಗಿ ಬನ್ನಿ.