ಬಿಳಿ ಚಹಾ: ಗುಣವೆಷ್ಟು, ಮಾತೆಷ್ಟು?

ಬಿಳಿ ಚಹಾಕ್ಕೆ ಬೇರೆ ಗಿಡವಿಲ್ಲ. ಮಾಮೂಲಿ ಚಹಾ ಗಿಡದ, ಬೆಳ್ಳಿ ರೋಮವಿರುವ ಎಳೆ ಮೊಗ್ಗೇ ಅದು. ಚೀನಾದ ಫುಜಿಯಾನ್‌ನಲ್ಲಿ ಹುಟ್ಟಿದ ಈ ಬಗೆಯನ್ನು ನಮ್ಮ ನೀಲಗಿರಿಯಲ್ಲೂ ತಯಾರಿಸುತ್ತಾರೆ. ಮೊಗ್ಗನ್ನು ಹೊಸೆಯದೆ ಬಾಡಿಸಿ ಒಣಗಿಸುವುದರಿಂದ ಕ್ಯಾಟೆಚಿನ್ ಎಂಬ ಉತ್ಕರ್ಷಣ ನಿರೋಧಕಗಳು ಕಪ್ಪು ಚಹಾಕ್ಕಿಂತ ಹೆಚ್ಚು ಉಳಿಯುತ್ತವೆ. ಸಕ್ಕರೆಯಿಲ್ಲದೆ ರುಚಿಸುತ್ತದೆ, ಸಕ್ಕರೆ ಕಾಯಿಲೆಯವರಿಗೆ ಅದೇ ದೊಡ್ಡ ಲಾಭ. ಆದರೆ ಕ್ಯಾನ್ಸರ್ ತಡೆಯುತ್ತದೆ, ತೂಕ ಇಳಿಸುತ್ತದೆ ಎಂಬ ಮಾತುಗಳಿಗೆ ಆಧಾರ ಹೆಚ್ಚಾಗಿ ಪ್ರಯೋಗಾಲಯದ್ದು; ಮನುಷ್ಯರಲ್ಲಿ ಸಾಬೀತಾಗಿಲ್ಲ. ಇದನ್ನು ನಂಬಿ ಮಾತ್ರೆ ಬಿಡಬೇಡಿ. ಕೆಫೀನ್ ಇಲ್ಲವೆಂಬುದೂ ತಪ್ಪು. ಊಟದ ಜೊತೆ ಯಾವ ಚಹಾ ಕುಡಿದರೂ ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ರಕ್ತಹೀನತೆಯಿರುವವರು, ಗರ್ಭಿಣಿಯರು ಊಟವಾಗಿ 1 ಗಂಟೆಯಾದರೂ ಬಿಟ್ಟು ಕುಡಿಯಬೇಕು. ಸೊಪ್ಪನ್ನು ಕುದಿಸಬಾರದು, ಸುಮಾರು 80 ಡಿಗ್ರಿ ನೀರಿನಲ್ಲಿ 4-5 ನಿಮಿಷ ನೆನೆಸಿದರೆ ಸಾಕು.